ಪೂಜೋ ಪುನಸ್ಕಾರ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಬಿಡಿಭಾಗದ ಅಂಗಡಿ. ರಾಯರ ಕೈಯಲ್ಲಿ ಹಲ್ಲುದುರಿದ ಟೈಮಿಂಗ್ ಬೆಲ್ಟು.

"ಪೂಜೋಗೆ ಬೇಕಿತ್ತು."

"ಪೂಜೆ ಸಾಮಾನು ಚಿಕ್ಕಪೇಟೇಲಿ ಸಾರ್."

"ಪೂಜೋ 309 ಕಣಯ್ಯಾ! ಫ್ರೆಂಚ್ ಕಾರು, ಡೀಸೆಲ್."

"ಫ್ರಾನ್ಸಿಂದ ತರಿಸ್ಬೇಕು. ರೇಟು ಹೇಳ್ತೀನಿ, ಮೊದ್ಲು ಕೂತ್ಕೊಳ್ಳಿ."

"ಹುಟ್ಟಿದ್ದು ಕಲ್ಯಾಣದಲ್ಲೇ!"

"ಬಸವಕಲ್ಯಾಣವಾ?"

"ಮುಂಬೈ ಹತ್ರದ್ದು. 90ರ ದಶಕದಲ್ಲೇ ಕಥೆ ಮುಗೀತು."

ಪಕ್ಕದಲ್ಲಿ ಟೀ ಹೀರುತ್ತಿದ್ದ ಮುದಿ ಮೆಕ್ಯಾನಿಕ್ ರಾಯರ ಕಿವಿಗೆ ಬಗ್ಗಿದ: "ಕುಲ ಯಾಕ್ ಹೇಳ್ತೀರಿ ಸ್ವಾಮಿ? ಮಾರುತಿ ಝೆನ್ ಡೀಸೆಲ್ಲಿಗೂ ಇದೇ 1,527 ಸಿಸಿ ಎಂಜಿನ್ನು."

ರಾಯರು ರಸ್ತೆ ತುದಿವರೆಗೆ ಹೋಗಿ, ಕನ್ನಡಕ ತೆಗೆದು ಮರಳಿದರು. (ಹಳೇ ಕಾರಿನವರಿಗೆ ಇಷ್ಟು ನಾಟಕ ಬಂದೇ ಬರುತ್ತದೆ.)

"ಝೆನ್ ಡೀಸೆಲ್ ಬೆಲ್ಟು?"

"ಇದೆ ಸಾರ್! ಎರಡು ಕೊಡ್ಲಾ?"

"ಹಂಗೇ ಒಂದು ಹೆಡ್‌ಲೈಟು..."

"ಝೆನ್‌ದೇ ತಾನೆ?"

ರಾಯರು ಕನ್ನಡಕ ಹಾಕಿಕೊಂಡರು.