ಬಾನೆಟ್ ಎತ್ತಿದ ಮೇಲೆ: ದಿಕ್ಕಿಲ್ಲದ ವೈರುಗಳ ಕೈಪಿಡಿ

ಯಾವ ಗಾಡಿಗೆ ಅನ್ವಯ

ಈ ಕೈಪಿಡಿ ಮೂತಿ ಲಾರಿಗಳಿಗೆ. ಎಂಜಿನ್ನು ಡ್ರೈವರ್ ಪಕ್ಕದಲ್ಲಿ ಕೂತು ತೊಡೆ ಸುಡದೆ, ಮುಂದೆ ಚಾಚಿದ ಬಾನೆಟ್ಟಿನೊಳಗೆ ಮರ್ಯಾದೆಯಾಗಿ ಇರುವ ಹಳೇ ಗಾಡಿಗಳಿಗೆ. ಮುಖ್ಯವಾಗಿ ಟಾಟಾ ಮರ್ಸಿಡಿಸ್ ಬೆಂಜ್‌ಗೆ. ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಕಟ್ಟತೊಡಗಿದ ಲಾರಿ ಅದು. 1969ಕ್ಕೆ ಒಪ್ಪಂದ ಮುಗಿಯಿತು. ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಇಳಿಯಿತು, ಲೋಡು ಇಳಿಯಲಿಲ್ಲ. ಫಾರ್ಗೋ, ಬೆಡ್‌ಫೋರ್ಡ್ ಇಟ್ಟುಕೊಂಡವರೂ ಓದಬಹುದು. ಆದರೆ ಅದು ಪೆಟ್ರೋಲ್ ಎಂಜಿನ್ನಾಗಿದ್ದರೆ ಕಾಯಿಲ್ಲು, ಪಾಯಿಂಟು ಎಂದು ಬೇರೆಯೇ ಒಂದು ಸಂಸಾರವಿರುತ್ತದೆ. ಅದರ ಜಗಳ ಇಲ್ಲಿ ಬಿಡಿಸುವುದಿಲ್ಲ.

ಸಮಸ್ಯೆ ಇಷ್ಟೇ. ಬಾನೆಟ್ ಎತ್ತಿದರೆ ಒಂದಷ್ಟು ವೈರು ಎಲ್ಲಿಗೂ ಸೇರದೆ ತೂಗಾಡುತ್ತಿರುತ್ತವೆ. ಕೆಲವಕ್ಕೆ ತುದಿಯಲ್ಲಿ ಟೇಪು ಸುತ್ತಿದೆ, ಕೆಲವಕ್ಕೆ ಅದೂ ಇಲ್ಲ. ಗಾಡಿ ಮಾತ್ರ ಓಡುತ್ತಿದೆ. ಓಡದೇ ಇದ್ದಿದ್ದರೆ ಹುಡುಕುವುದಕ್ಕೆ ಒಂದು ಗುರಿಯಾದರೂ ಇರುತ್ತಿತ್ತು.

ಓಡುವುದಕ್ಕೆ ಕಾರಣವಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸೆಲ್ಫ್ ತಿರುಗುವಷ್ಟು ಕರೆಂಟು ಸಿಕ್ಕರೆ ಸಾಕು. ಆಮೇಲೆ ಒತ್ತಡಕ್ಕೆ ಕಾದ ಗಾಳಿಯಲ್ಲಿ ಡೀಸೆಲ್ಲು ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಕೊಡುವ ಪಂಪು ಗೇರುಗಳ ಬಲದಿಂದ ತಿರುಗುತ್ತದೆ. ಅದನ್ನು ಗ್ಯಾರೇಜಿನಲ್ಲಿ ಎಲ್ಲರೂ ಮೈಕೋ ಪಂಪು ಅನ್ನುತ್ತಾರೆ. 1951ರಲ್ಲಿ ಹುಟ್ಟಿದ ಆ ಬೆಂಗಳೂರಿನ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದನ್ನು ಗ್ಯಾರೇಜುಗಳು ಇನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಎಂಜಿನ್ ನಿಲ್ಲಿಸುವುದಕ್ಕೂ ಕರೆಂಟು ಬೇಡ. ಡ್ಯಾಶ್‌ಬೋರ್ಡಿನ ಗುಬುಟು ಎಳೆದರೆ ಕೇಬಲ್ಲು ಪಂಪಿನ ಡೀಸೆಲ್ ಬಂದ್ ಮಾಡುತ್ತದೆ. ಹೀಗಾಗಿ ಈ ಲಾರಿಯಲ್ಲಿ ವೈರುಗಳಿಗೆ ಜವಾಬ್ದಾರಿ ಕಡಿಮೆ. ಜವಾಬ್ದಾರಿ ಕಡಿಮೆಯಾದಷ್ಟೂ ಸಂಖ್ಯೆ ಹೆಚ್ಚುವುದನ್ನು ಸರ್ಕಾರಿ ಕಚೇರಿ ಕಂಡವರಿಗೆ ವಿವರಿಸಬೇಕಿಲ್ಲ.

ಬೇಕಾಗುವ ಸಾಮಾನು

ಟೆಸ್ಟ್ ಲ್ಯಾಂಪ್ ಒಂದು. ಕೊಂಡು ತರುವುದು ಬೇಡ. ಹಳೇ ಇಂಡಿಕೇಟರಿನ 21 ವ್ಯಾಟ್ ಬಲ್ಬು, ಹೋಲ್ಡರು, ಎರಡು ಮಾರು ವೈರು. ವೈರಿನ ಒಂದು ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಳ. ಜತೆಗೆ ಒಂದು ಮಲ್ಟಿಮೀಟರು, ಬಿಳಿ ಪೇಪರ್ ಟೇಪು, ಪೆನ್ನು. ಕಟಿಂಗ್ ಪ್ಲೇಯರ್ ಸದ್ಯಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿರಲಿ.

ಕ್ಯಾಬಿನ್ನಿನಲ್ಲಿ ಕೂರಲು ಒಬ್ಬ ಕ್ಲೀನರ್ ಬೇಕು. ಸ್ವಿಚ್ಚು ಹಾಕು ಅಂದರೆ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಏನಾಯಿತು ಅಂತ ಹೇಳುವುದು ಅವನ ಕೆಲಸ. ಮಾತುಕತೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಹಾಕಿದ್ಯೇನೋ?"

"ಹಾಕಿದೀನಣ್ಣ."

"ಯಾವ್ದು ಹಾಕ್ದೆ?"

"ಎಲ್ಲಾನೂ ಹಾಕಿದೀನಿ."

ಎಲ್ಲವನ್ನೂ ಆರಿಸಲು ಹೇಳಿ, ಮತ್ತೆ ಒಂದೊಂದಾಗಿ ಶುರುಮಾಡಿ.

ಎಚ್ಚರಿಕೆ: ಉಂಗುರ, ಕಡಗ, ವಾಚು ಬಿಚ್ಚಿಡಿ. 12 ವೋಲ್ಟು ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ನಿಮ್ಮ ಮದುವೆ ಉಂಗುರ ಸಿಕ್ಕಿಕೊಂಡರೆ ಅದು ಬೆರಳಲ್ಲೇ ಕೆಂಪಗೆ ಕಾಯುತ್ತದೆ. ಇನ್ನು, ಬ್ಯಾಟರಿ ಎಷ್ಟಿವೆ ಎಂದು ಎಣಿಸಿ ವೋಲ್ಟು ಹೇಳುವವರ ಮಾತು ಕೇಳಬೇಡಿ. ಎರಡಿದ್ದರೆ ಅದು 24 ಆಗಬಹುದು, ಜೋಡಿಸಿದ ರೀತಿಯ ಮೇಲೆ 12 ಕೂಡ ಆಗಬಹುದು. ಮೀಟರ್ ಇಟ್ಟು ನೋಡಿ. 12ರ ಬಲ್ಬನ್ನು 24ಕ್ಕೆ ಮುಟ್ಟಿಸಿದರೆ ಒಮ್ಮೆ ಭಾರೀ ಉತ್ಸಾಹದಿಂದ ಬೆಳಗಿ ಅಲ್ಲೇ ನಿವೃತ್ತಿಯಾಗುತ್ತದೆ.

ಬಣ್ಣ ನೋಡಿ ಗುರುತಿಸುವ ವಿಧಾನ

ಈ ವಿಧಾನ ಪುಸ್ತಕದಲ್ಲಿ ಬಹಳ ಚೆನ್ನಾಗಿದೆ. ಬ್ರಿಟಿಷರ ಲೂಕಾಸ್ ಪದ್ಧತಿಯಲ್ಲಿ ಕಪ್ಪು ಎಂದರೆ ಅರ್ಥ್. ಕಂದು ಎಂದರೆ ಬ್ಯಾಟರಿಯಿಂದ ನೇರವಾಗಿ ಬಂದ, ಸದಾ ಕರೆಂಟಿರುವ ವೈರು. ಬಿಳಿ ಕೀ ಹಾಕಿದ ಮೇಲೆ ಬರುವುದು, ನೀಲಿ ಹೆಡ್‌ಲೈಟಿನದು, ಕೆಂಪು ಪಾರ್ಕಿಂಗ್ ಲೈಟಿನದು. ಜರ್ಮನ್ನರ ಪದ್ಧತಿಯಲ್ಲಿ ಕಂದು ಎಂದರೆ ಅರ್ಥ್, ಕೆಂಪು ಬ್ಯಾಟರಿಯದು, ಕಪ್ಪು ಕೀ ಹಾಕಿದ ಮೇಲೆ ಬರುವುದು. ಅಂದರೆ ಕಪ್ಪು, ಕಂದು ಇಬ್ಬರೂ ಸಮುದ್ರ ದಾಟಿದ ಕೂಡಲೇ ಪಕ್ಷಾಂತರ ಮಾಡಿದ್ದಾರೆ.

ನಿಮ್ಮ ಲಾರಿ ಜರ್ಮನ್ ಮನೆತನದ್ದು. ಆಮೇಲೆ ಹಾಕಿದ ಡೈನಮೋನೋ ಸೆಲ್ಫೋ ಚೆನ್ನೈನ ಲೂಕಾಸ್ ಟಿವಿಎಸ್ ಆಗಿದ್ದರೆ ಬ್ರಿಟಿಷ್ ಮನೆತನದ್ದು. ರಿಪೇರಿಗೆ ಬಳಸಿದ ವೈರು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಆವತ್ತು ಯಾವ ಬಣ್ಣದ ಸುರುಳಿ ಉಳಿದಿತ್ತೋ ಅದು. ರಾತ್ರಿ ಹನ್ನೊಂದಕ್ಕೆ ಹಿರಿಯೂರಿನ ಆಚೆ ಹೆದ್ದಾರಿಯಲ್ಲಿ ಲೈಟು ಹೋದಾಗ ಎಳೆದದ್ದು ಮನೆ ಫ್ಯಾನಿಗೆ ಹಾಕುವ ವೈರು. ಕೈಗೆ ಬಂದ ಕಂದು ವೈರು ಅರ್ಥ್ ಆಗಿರಬಹುದು, ಬ್ಯಾಟರಿ ಆಗಿರಬಹುದು, ಟೇಪ್ ರೆಕಾರ್ಡರಿನ ಸ್ಪೀಕರಿಗೆ ಹೋಗುತ್ತಿದ್ದದ್ದೂ ಆಗಿರಬಹುದು. ಬಣ್ಣದಿಂದ ಖಚಿತವಾಗಿ ತಿಳಿಯುವುದು ಒಂದೇ: ಆವತ್ತು ಅಂಗಡಿಯಲ್ಲಿ ಆ ಬಣ್ಣ ಇತ್ತು.

ಪೂರ್ವಾಪರ ವಿಚಾರಿಸುವ ವಿಧಾನ

ಇದು ಹೆಚ್ಚು ಉಪಯುಕ್ತ. ವೈರು ತಾನಾಗಿ ಬಿಚ್ಚಿಕೊಳ್ಳುವುದು ಅಪರೂಪ. ಯಾರೋ ಯಾವುದೋ ಕಾರಣಕ್ಕೆ ಬಿಚ್ಚಿರುತ್ತಾರೆ. ವೈರಿನ ತುದಿ ಹುಡುಕುವುದಕ್ಕಿಂತ ಆ ಕಾರಣ ಹುಡುಕುವುದು ಸುಲಭ. ಗಾಡಿಯನ್ನು ಬಲ್ಲ ಹಳೇ ಎಲೆಕ್ಟ್ರಿಷಿಯನ್ ಇದ್ದರೆ ಕರೆತನ್ನಿ. ಆದರೆ ನೇರವಾಗಿ ಕೇಳಬೇಡಿ. "ಮೇಸ್ತ್ರಿ, ಇದು ಯಾವ ವೈರು?" ಅಂದರೆ "ಅದಾ? ಅದು ಇರ್ಲಿ ಬಿಡಿ ಸಾರ್" ಎಂಬ ಉತ್ತರ ಬರುತ್ತದೆ. ತನಗೆ ಗೊತ್ತಿಲ್ಲ, ಮುಟ್ಟಿದರೆ ಕೆಲಸ ಬೆಳೆಯುತ್ತದೆ, ಸಂಜೆಗೆ ಇನ್ನೊಂದು ಗಾಡಿ ಕಾಯುತ್ತಿದೆ, ಮೂರೂ ಅದರಲ್ಲಿ ಬಂತು. ಬದಲಿಗೆ "ಈ ಗಾಡಿಗೆ ಮೊದಲು ಏನೇನಿತ್ತು?" ಎಂದು ಕೇಳಿ. ಟೀ ತರಿಸಿ. ಆಗ ಬಾಯಿ ಬಿಡುತ್ತಾರೆ.

ಮೊದಲ ಕಾರಣ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂದು ಆರ್‌ಟಿಒ ಕೊಡುವ ಫಿಟ್ನೆಸ್ ಸರ್ಟಿಫಿಕೇಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಹಲವು ಸ್ವರ ಹೊರಡಿಸುವ ಹಾರ್ನನ್ನು ನಿಷೇಧಿಸಿದೆ. ಆದ್ದರಿಂದ ಎಫ್‌ಸಿಗೆ ಹೊರಡುವ ಹಿಂದಿನ ಸಂಜೆ ಸಂಗೀತದ ಹಾರ್ನು, ಮಿತಿಮೀರಿದ ಫೋಕಸ್ ಲೈಟು, ಆಯುಧಪೂಜೆಗೆ ಕಟ್ಟಿದ ಸೀರಿಯಲ್ ಸೆಟ್ಟು ಎಲ್ಲದರ ವೈರೂ ಬಿಚ್ಚುತ್ತದೆ. ಆರ್‌ಟಿಒ ಗೇಟು ದಾಟಿ ಬಂದ ಮೇಲೆ ಮತ್ತೆ ಸೇರುತ್ತದೆ. ಕೆಲವೊಮ್ಮೆ ಸೇರುವುದಿಲ್ಲ, ಯಾಕೆಂದರೆ ಬಿಚ್ಚಿದ ಹುಡುಗ ಅಷ್ಟರಲ್ಲಿ ಬೇರೆ ಲಾರಿಗೆ ಹೋಗಿರುತ್ತಾನೆ. ಗ್ರಿಲ್ಲಿನ ಹಿಂದೆ ತುದಿಗೆ ಅಚ್ಚುಕಟ್ಟಾದ ತಿಂಬಲ್ ಹಾಕಿಸಿಕೊಂಡು ತೂಗುತ್ತಿರುವ ದಪ್ಪ ವೈರು ಬಹುಪಾಲು ಈ ಜಾತಿಯದು. ಅದನ್ನು ಪತ್ತೆಹಚ್ಚಿ ಯಶಸ್ವಿಯಾಗುವುದು ಕಾನೂನುಬಾಹಿರ.

ಎರಡನೇ ಕಾರಣ ಬಡ್ತಿ. ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಿದಾಗ, ಡೈನಮೋದ ಚಾರ್ಜು ನೋಡಿಕೊಳ್ಳುತ್ತಿದ್ದ ಕಟೌಟಿಗೆ ಹೋಗುತ್ತಿದ್ದ ಎರಡು ವೈರು ಕೆಲಸ ಕಳೆದುಕೊಂಡವು. ಕಟೌಟ್ ಡಬ್ಬಿಯನ್ನು ಯಾರೂ ಕಿತ್ತಿರುವುದಿಲ್ಲ. ಸ್ಕ್ರೂ ತುಕ್ಕು ಹಿಡಿದಿದೆ, ಹಾಗಾಗಿ ಅದೀಗ ವೈರುಗಳು ಸಂಧಿಸುವ ಜಂಕ್ಷನ್ ಆಗಿದೆ. ಮುಚ್ಚಳ ತೆಗೆದು ನೋಡಿದರೆ ಒಳಗೆ ಸುರುಳಿಗಳೆಲ್ಲ ಹಾಗೇ ಇರುತ್ತವೆ, ಕೆಲಸ ಮಾತ್ರ ಇಲ್ಲ. ಇನ್ನು ಹೀಟರ್ ಪ್ಲಗ್ಗಿನ ವೈರು. ಚಳಿದೇಶದ ಬೆಳಗಿಗೆಂದು ಜರ್ಮನ್ನರು ಎಂಜಿನ್ನಿನ ಪ್ರೀಚೇಂಬರಿಗೆ ಇಟ್ಟದ್ದು. ತಿಪಟೂರಿನ ಏಪ್ರಿಲ್ಲಿನಲ್ಲಿ ಅದನ್ನು ಯಾರೂ ಕೇಳದೇ ಇದ್ದುದು ಆಶ್ಚರ್ಯವಲ್ಲ.

ಪರೀಕ್ಷೆ

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಸಿಕ್ಕಿಸಿ. ಬಣ್ಣ ಹೊಡೆದ ಜಾಗಕ್ಕಲ್ಲ, ಕೆರೆದು ಹೊಳೆಯುವ ಕಬ್ಬಿಣಕ್ಕೆ. ದಬ್ಬಳವನ್ನು ವೈರಿನ ತುದಿಗೆ ಮುಟ್ಟಿಸಿ. ಕೀ ಇಲ್ಲದೆಯೇ ಹತ್ತಿದರೆ ಬ್ಯಾಟರಿಯ ನೇರ ವೈರು. ಅದಕ್ಕೆ ಕೂಡಲೇ ಟೇಪು ಸುತ್ತಿ, ಆಮೇಲೆ ಉಳಿದ ಮಾತು. ಕೀ ಹಾಕಿದ ಮೇಲೆ ಹತ್ತಿದರೆ ಒಂದು ಬಗೆ, ಲೈಟಿನ ಸ್ವಿಚ್ಚು ಎಳೆದ ಮೇಲೆ ಹತ್ತಿದರೆ ಇನ್ನೊಂದು ಬಗೆ. ಗೊತ್ತಾದದ್ದನ್ನು ಪೇಪರ್ ಟೇಪಿನ ಮೇಲೆ ಬರೆದು ಅಂಟಿಸಿ.

ಮೀಟರ್ ಇರುವಾಗ ಬಲ್ಬ್ಯಾಕೆ ಎಂದು ಓದಿದವರು ಕೇಳುತ್ತಾರೆ. ಒಳಗೆಲ್ಲ ಹಸಿರು ಕಿಲುಬು ಹಿಡಿದು ಒಂದೇ ಎಳೆ ತಾಮ್ರ ಉಳಿದಿರುವ ವೈರಿಗೂ ಮೀಟರು 12 ವೋಲ್ಟು ತೋರಿಸುತ್ತದೆ, ಏಕೆಂದರೆ ಅದು ವೈರಿನಿಂದ ಏನನ್ನೂ ಬೇಡುವುದಿಲ್ಲ. 21 ವ್ಯಾಟಿನ ಬಲ್ಬು ಕೆಲಸ ಕೇಳುತ್ತದೆ. ಕೆಲಸ ಕೇಳಿದಾಗಲೇ ಯೋಗ್ಯತೆ ಗೊತ್ತಾಗುವುದು. ಹೀಗೆ ನೋಡಿದರೆ ಗ್ಯಾರೇಜಿನವರು ಮೀಟರನ್ನು ಡಬ್ಬಿಯೊಳಗೇ ಇಟ್ಟಿರುವುದು ಅಜ್ಞಾನದಿಂದಲ್ಲ. ಕರೆಂಟೇ ಇಲ್ಲದ ವೈರನ್ನು ವಿಚಾರಿಸುವಾಗ ಮಾತ್ರ ಮೀಟರ್ ಬೇಕು. ಬಾಡಿಗೂ ವೈರಿಗೂ ನಡುವೆ ಒಂದು ಓಮಿಗಿಂತ ಕಡಿಮೆ ತೋರಿಸಿದರೆ ಅದು ಅರ್ಥ್ ಇರಬಹುದು, ಅಥವಾ ಆಚೆ ತುದಿಯಲ್ಲಿ ತಣ್ಣಗಿರುವ ದೊಡ್ಡ ಬಲ್ಬೊಂದಿರಬಹುದು.

ಒಂದು ವಿಚಿತ್ರ ಪ್ರಸಂಗ ಗಮನಿಸಿ. ಕೀ ಆನ್ ಇದೆ. ದಬ್ಬಳ ಮುಟ್ಟಿಸಿದ್ದೀರಿ. ನಿಮ್ಮ ಬಲ್ಬು ಹತ್ತುವುದಿಲ್ಲ. ಸತ್ತ ವೈರು ಎಂದು ಟೇಪು ಸುತ್ತಲು ಹೊರಡುತ್ತೀರಿ. ಅದೇ ಹೊತ್ತಿಗೆ ಕ್ಯಾಬಿನ್ನಿನಿಂದ "ಅಣ್ಣಾ, ಕೆಂಪು ಲೈಟ್ ಬಂತು" ಎಂಬ ಕೂಗು. ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬು ನಿಮ್ಮ ದೊಡ್ಡ ಬಲ್ಬಿನ ಮೂಲಕ ಅರ್ಥ್ ಸಿಕ್ಕಿತೆಂದು ಹತ್ತಿಕೊಂಡಿದೆ. ಅಷ್ಟು ಕಡಿಮೆ ಕರೆಂಟಿಗೆ ನಿಮ್ಮದು ಕಣ್ಣು ಕೂಡ ಬಿಡುವುದಿಲ್ಲ. ಪ್ರಶ್ನೆ ಇಲ್ಲಿ, ಉತ್ತರ ಅಲ್ಲಿ. ಕ್ಲೀನರನ್ನು ಕೂರಿಸಿದ್ದು ಇದಕ್ಕೇ.

ಆ ಕೆಂಪು ಬಲ್ಬು ಆಯಿಲ್ ಪ್ರೆಶರಿನದಾದರೆ ವೈರನ್ನು ಅದರ ಸ್ವಿಚ್ಚಿಗೆ ಸೇರಿಸಿ, ಮುಗಿಯಿತು. ಚಾರ್ಜಿಂಗಿನದಾದರೆ ನಿಮ್ಮ ಕೈಯಲ್ಲಿರುವುದು ಇಡೀ ಬಾನೆಟ್ಟಿನಲ್ಲಿ ಅತ್ಯಂತ ಅವಮಾನಿತ ವೈರು. ಡೈನಮೋಗೆ ಆ ಬಲ್ಬಿನ ಹಂಗಿರಲಿಲ್ಲ. ಅದರ ಕಬ್ಬಿಣದಲ್ಲೇ ಉಳಿದ ಚೂರು ಅಯಸ್ಕಾಂತದಿಂದ ಚಾರ್ಜು ಶುರುವಾಗುತ್ತಿತ್ತು. ಡೈನಮೋ ಕಾಲದಲ್ಲಿ ಕೆಲಸ ಕಲಿತವರಿಗೆ ಆ ಬಲ್ಬು ಬರೀ ಅಲಂಕಾರ. ಆಲ್ಟರ್ನೇಟರ್ ಹಾಗಲ್ಲ. ಕೀ ಹಾಕಿದಾಗ ಆ ಬಲ್ಬಿನ ಮೂಲಕ ಹರಿಯುವ ಸಣ್ಣ ಕರೆಂಟೇ ಅದರ ರೋಟರನ್ನು ಎಬ್ಬಿಸಬೇಕು. ವೈರು ಬಿಚ್ಚಿದ್ದರೆ ಆಲ್ಟರ್ನೇಟರು ಸುಮ್ಮನೆ ತಿರುಗುತ್ತಿರುತ್ತದೆ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮನಸ್ಸು ಬಂದರೆ ಏಳುತ್ತದೆ. ಓನರ್ ಹೊಸ ಬ್ಯಾಟರಿ ಹಾಕಿಸುತ್ತಾರೆ. ಆಮೇಲೆ ಇನ್ನೊಂದು ಹಾಕಿಸುತ್ತಾರೆ. ಆಲ್ಟರ್ನೇಟರಿನ ಹಿಂಬದಿಯಲ್ಲಿ ಡಿ ಪ್ಲಸ್ ಅಥವಾ 61 ಎಂದು ಕೊರೆದ ಟರ್ಮಿನಲ್ ಖಾಲಿ ಇದ್ದರೆ ಈ ವೈರಿನ ಮನೆ ಅದೇ.

ವೈರಲ್ಲದ ವೈರು

ಎಲ್ಲ ಪಟ್ಟಿಯಿಂದಲೂ ತಪ್ಪಿಸಿಕೊಳ್ಳುವುದು ಒಂದಿದೆ. ಎಂಜಿನ್ನಿಗೂ ಚಾಸಿಗೂ ನಡುವೆ ಇರಬೇಕಾದ ಜಡೆ ಹೆಣೆದ ತಾಮ್ರದ ಪಟ್ಟಿ. ಅದಕ್ಕೆ ಬಣ್ಣವಿಲ್ಲ, ಪ್ಲಾಸ್ಟಿಕ್ಕಿಲ್ಲ. ಮಣ್ಣು, ಆಯಿಲ್ಲು ಮೆತ್ತಿಕೊಂಡು ಒಂದು ಬೋಲ್ಟಿನಿಂದ ನೇತಾಡುತ್ತಿದ್ದರೆ ಯಾರೂ ಅದನ್ನು ವೈರು ಎಂದುಕೊಳ್ಳುವುದಿಲ್ಲ. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಗೆ ವಾಪಸ್ ಹೋಗಬೇಕಾದ ದಾರಿ ಆ ಪಟ್ಟಿಯೇ. ಅದಿಲ್ಲದಿದ್ದರೆ ಕರೆಂಟು ಸುಮ್ಮನಿರುವುದಿಲ್ಲ, ಎಂಜಿನ್ನಿಗೂ ಕ್ಯಾಬಿನ್ನಿಗೂ ಸಂಬಂಧವಿರುವ ಬೇರೆ ಕಬ್ಬಿಣ ಹುಡುಕುತ್ತದೆ. ಆಕ್ಸಿಲರೇಟರ್ ಸರಳು ಸಿಗುತ್ತದೆ. ಎಂಜಿನ್ ನಿಲ್ಲಿಸುವ ಕೇಬಲ್ಲು ಸಿಗುತ್ತದೆ. ಸೆಲ್ಫ್ ಒತ್ತಿದರೆ ಎಂಜಿನ್ ಮುಲುಕುತ್ತದೆ, ಡ್ಯಾಶ್‌ಬೋರ್ಡಿನ ಗುಬುಟಿನ ಬುಡದಿಂದ ಹೊಗೆ ಏಳುತ್ತದೆ, ಕೇಬಲ್ಲಿನ ಒಳಗಿನ ಗ್ರೀಸು ಕರಗಿ ಕ್ಲೀನರನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತದೆ. ಕೇಬಲ್ ಬದಲಿಸಬೇಡಿ. ಪಟ್ಟಿಯ ಎರಡೂ ತುದಿ ಕೆರೆದು ಬಿಗಿ ಮಾಡಿ.

ಉಳಿದವನ್ನು ಏನು ಮಾಡುವುದು

ಪೂರ್ತಿ ಹೊಸ ವೈರಿಂಗ್ ಹಾಕಿಸಿ ಎನ್ನುವವರಿದ್ದಾರೆ. ಹಳೇ ವೈರಿನ ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುವಂತಿದ್ದರೆ ಅವರ ಮಾತು ಸರಿ, ವಾದ ಬೇಡ. ಹಾಗಿಲ್ಲದಿದ್ದರೆ ಹಳೇ ಒಗಟುಗಳನ್ನು ಕೊಟ್ಟು ದುಡ್ಡು ಸೇರಿಸಿ ಹೊಸ ಒಗಟು ಕೊಂಡ ಹಾಗಾಗುತ್ತದೆ. ಯಾವುದಕ್ಕೂ ಸೇರದೆ ಉಳಿದ ವೈರುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಿ. ಒಟ್ಟಿಗೆ ಗಂಟು ಕಟ್ಟಿ ಮೇಲೊಂದು ಟೇಪು ಹಾಕುವುದು ನೋಡಲು ಚೆಂದ. ಒಳಗೆ ಒಂದು ಬ್ಯಾಟರಿಯದು, ಪಕ್ಕದ್ದು ಅರ್ಥ್ ಆಗಿದ್ದರೆ ಚೆಂದವೆಲ್ಲ ಬೂದಿ.

ಕತ್ತರಿಸದೆ ಇರಲಾರೆ ಎನ್ನುವವರು ಈಗ ಕಟಿಂಗ್ ಪ್ಲೇಯರನ್ನು ಹೊರತೆಗೆಯಬಹುದು. ಮೊದಲು ಬ್ಯಾಟರಿಯ ಅರ್ಥ್ ಬಿಚ್ಚಿ, ಒಂದು ಸಲಕ್ಕೆ ಒಂದೇ ವೈರು ಕತ್ತರಿಸಿ. ಬ್ಯಾಟರಿ ಬಿಚ್ಚುವ ಸೋಮಾರಿತನದಿಂದ ಎರಡು ವೈರನ್ನು ಒಟ್ಟಿಗೆ ಬಾಯಿಗೆ ಕೊಟ್ಟರೆ ಫಟ್ ಎಂದು ನೀಲಿ ಕಿಡಿ ಹಾರಿ ಪ್ಲೇಯರಿನ ಅಲಗಿನಲ್ಲಿ ದುಂಡನೆಯ ತೂತು ಬೀಳುತ್ತದೆ. ಎಸೆಯಬೇಡಿ. ಅಂಥ ತೂತಿನ ಪ್ಲೇಯರು ಪಳಗಿದ ಎಲೆಕ್ಟ್ರಿಷಿಯನ್ನರ ಪೆಟ್ಟಿಗೆಯಲ್ಲೂ ಒಂದಿರುತ್ತದೆ. ಅವರು ಅದನ್ನು ವೈರ್ ಸುಲಿಯಲು ಇಟ್ಟುಕೊಂಡಿರುತ್ತಾರೆ.