ತೋಟ ಯಾರು ನೋಡ್ಕೊಳ್ಳೋದು?

ಮೂಡಿಗೆರೆ ಸೀಮೆಯಲ್ಲಿ ಯಾರು ಯಾವ ದೊಡ್ಡ ನಿರ್ಧಾರ ಹೇಳಿದರೂ ಎದುರಿಗೆ ಬರುವ ಪ್ರಶ್ನೆ ಒಂದೇ. ಮದುವೆಯಾಗಿ ಅಮೆರಿಕಕ್ಕೆ ಹೋಗ್ತೇನೆ ಅನ್ನಿ, ಎಲೆಕ್ಷನ್ನಿಗೆ ನಿಲ್ತೇನೆ ಅನ್ನಿ, ಮಂಗಳೂರಿಗೆ ಹೋಗಿ ಮಂಡಿ ಚಿಪ್ಪು ಬದಲಾಯಿಸಿಕೊಳ್ತೇನೆ ಅನ್ನಿ, ಕೇಳಿದವರು ಕಾಫಿ ಲೋಟ ಕೆಳಗಿಟ್ಟು, ಒಂದು ಗಳಿಗೆ ಯೋಚಿಸಿದವರ ಹಾಗೆ ಮಾಡಿ, "ಅದೆಲ್ಲ ಸರಿ, ತೋಟ ಯಾರು ನೋಡ್ಕೊಳ್ಳೋದು?" ಅನ್ನುತ್ತಾರೆ. ಸತ್ತವರ ಮನೆಗೆ ಮಾತಾಡಿಸಲು ಹೋದವರೂ ಮೂರನೇ ಮಾತಿಗೆ ಅಲ್ಲಿಗೇ ಬರುತ್ತಾರೆ. ಅವರಿಗೆ ಕರುಣೆಯಿಲ್ಲ ಎಂದಲ್ಲ. ಸತ್ತವರೂ ಬದುಕಿದ್ದಾಗ ಬೇರೆಯವರ ಮನೆಯಲ್ಲಿ ಅದನ್ನೇ ಕೇಳಿದ್ದವರು.

ಹಾಗಾಗಿ ನನ್ನ ಸೋದರಳಿಯ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು, ಬೈಕಿನಲ್ಲಿ ಜರ್ಮನಿಗೆ ಹೋಗಿ ಅಲ್ಲೇ ನೆಲೆಸುತ್ತೇನೆ ಎಂದು ಜಗಲಿಯಲ್ಲಿ ಕೂತು ಘೋಷಿಸಿದ ದಿನ ನಾನು ಮನಸ್ಸಿನಲ್ಲೇ ಎಣಿಸುತ್ತಾ ಕೂತೆ. ಅವನು ನೇಪಾಳ ದಾಟಿದ, ಟಿಬೆಟ್ ದಾಟಿದ, ಕಿರ್ಗಿಸ್ತಾನದ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿದ, ಕಜಾಕಸ್ತಾನ, ರಷ್ಯಾ, ಜಾರ್ಜಿಯಾ, ಟರ್ಕಿ ಮುಗಿಸಿ ಯುರೋಪಿಗೆ ಕಾಲಿಟ್ಟ. ಬಾಳೂರು ಕಡೆಯ ನಮ್ಮ ಭಾವ ಪೂರ್ತಿ ಕೇಳಿಸಿಕೊಂಡರು. ಎಲೆಯಡಿಕೆ ತುಂಬಿದ ಬಾಯನ್ನು ಅಂಗಳದ ಕಡೆ ತಿರುಗಿಸಿ ಖಾಲಿ ಮಾಡಿದರು. ಆಮೇಲೆ ಆ ಪ್ರಶ್ನೆ ಕೇಳಿದರು.

ತೋಟ ಎಂದರೆ ಕಳಸದ ಹತ್ತಿರ ಅವನ ಪಾಲಿಗೆ ಬಂದ ಸಣ್ಣ ಹಿಡುವಳಿ. ಜಿಗಣೆಗೆ ಹೆದರಿ ಮಳೆಗಾಲದಲ್ಲಿ ಅವನು ಗೇಟಿನಿಂದಾಚೆ ಇಳಿದವನಲ್ಲ. ಇಷ್ಟು ವರ್ಷ ಅದನ್ನು ನೋಡಿಕೊಂಡಿದ್ದು ಅವನ ಅಮ್ಮ, ಅಂದರೆ ನನ್ನ ಅಕ್ಕ. ಅವಳು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು. ಆದರೂ ಆ ಪ್ರಶ್ನೆಗೆ ಅವಳು ಉತ್ತರ ಎಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ.

ಕೆಲಸ ಯಾಕೆ ಬಿಟ್ಟೆ ಎಂದು ನಾನೇ ಕೇಳಬೇಕಾಯಿತು. ಸಂಬಳಕ್ಕೆ ಕೊರತೆ ಇರಲಿಲ್ಲವಂತೆ. ರಾತ್ರಿ ಅಮೆರಿಕ ಎದ್ದಾಗ ಇವನು ಎದ್ದಿರಬೇಕು, ಬೆಳಗ್ಗೆ ಬೆಂಗಳೂರು ಎದ್ದಾಗ ಮತ್ತೆ ಏಳಬೇಕು. ಒಂದು ಮೀಟಿಂಗಿನಲ್ಲಿ ಏನು ಮಾತಾಡಬೇಕು ಎಂದು ನಿರ್ಧರಿಸಲು ಅದಕ್ಕೆ ಮುಂಚೆ ಇನ್ನೊಂದು ಮೀಟಿಂಗು. "ಮಾವ, ನಾನು ಏನು ಕೆಲಸ ಮಾಡ್ತೀನಿ ಅಂತ ಇವತ್ತಿಗೂ ಅಮ್ಮನಿಗೆ ಹೇಳೋಕಾಗಿಲ್ಲ" ಎಂದ. ಅಕ್ಕ ಊರವರಿಗೆಲ್ಲ "ಕಂಪ್ಯೂಟರ್‌ನಲ್ಲಿದ್ದಾನೆ" ಎಂದು ಹೇಳಿ ಮುಗಿಸುತ್ತಿದ್ದಳು. ಅವತ್ತು ಸಂಜೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತಂದು ಬರೆದ: ಮೂರನೇ ಬ್ಲಾಕು, ಚಿಗುರು ತೆಗೆಯೋದು, ಹನ್ನೆರಡು ಆಳು. ಕಣ, ಒಂದು ಆಳು. ಬೇಲಿ, ಎರಡು. ಹುಡುಗ ಆ ಪುಸ್ತಕ ಇಸಕೊಂಡು ಹಿಂದಿನ ಹಾಳೆಗಳನ್ನೂ ತಿರುವಿ ತಿರುವಿ ಓದಿದ. ಒಂದು ದಿನದ ಕೆಲಸ ಒಂದು ಸಾಲಿನಲ್ಲಿ ಮುಗಿಯುತ್ತದೆ ಎಂಬುದು ಅವನಿಗೆ ನಂಬಲಾಗದ ಐಶ್ವರ್ಯದಂತೆ ಕಂಡಿರಬೇಕು.

ಕೆಲಸ ಬಿಡುವ ಹುಡುಗರಿಗೆ ನಮ್ಮ ತಾಲ್ಲೂಕಿನಲ್ಲಿ ಒಂದು ಅನುಕೂಲವಿದೆ. ಹಿರಿಯರು ಬಾಯಿ ತೆಗೆಯುವ ಮೊದಲೇ "ತೇಜಸ್ವಿ ಏನು ಮಾಡಿದ್ರು?" ಎಂದು ಕೇಳಿಬಿಡಬಹುದು. ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮಾಡಿದವರು. ಅಪ್ಪ ಕುವೆಂಪು ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಮಗ ಮೇಷ್ಟ್ರಾಗುವುದು ಊಟದೆಲೆಗೆ ಉಪ್ಪು ಬಡಿಸಿದಷ್ಟೇ ಸಹಜವಿತ್ತು. ಅವರು ಅದನ್ನು ಬಿಟ್ಟು ಮೂಡಿಗೆರೆಗೆ ಬಂದು ಕಾಫಿ ಗಿಡ ನೆಟ್ಟರು, ಸ್ಕೂಟರ್ ರಿಪೇರಿ ಮಾಡಿದರು, ಮೀನು ಹಿಡಿದರು, ಹಕ್ಕಿಗಳ ಚಿತ್ರ ತೆಗೆದರು. 1980ರಲ್ಲಿ ಅವರ ಕಾದಂಬರಿ ‘ಕರ್ವಾಲೊ’ ಬಂದ ಮೇಲೆ ಅದರಲ್ಲಿನ ಹಾರುವ ಓತಿ ನೋಡುತ್ತೇವೆಂದು ಪರೀಕ್ಷೆ ತಪ್ಪಿಸಿಕೊಂಡ ಹುಡುಗರಿದ್ದರು. ನನಗೆ ಗೊತ್ತು, ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಆದರೆ ಅವರನ್ನು ಉದಾಹರಿಸುವವರು ಒಂದು ವಿಷಯ ಮರೆಯುತ್ತಾರೆ. ತೇಜಸ್ವಿ ಅಂಡಮಾನಿಗೂ ಹೋಗಿಬಂದರು, ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ತಿರುಗಿ ಬಂದದ್ದು ಗೊಬ್ಬರ ಹಾಕುವುದಕ್ಕೆ. 2007ರ ಏಪ್ರಿಲ್‌ನಲ್ಲಿ ತೀರಿಕೊಂಡಾಗಲೂ ಮೂಡಿಗೆರೆಯ ತಮ್ಮ ತೋಟದ ಮನೆ ‘ನಿರುತ್ತರ’ದಲ್ಲೇ ಇದ್ದರು. ಇದನ್ನು ಹೇಳಿದರೆ ಅಳಿಯ "ನೀವು ತೇಜಸ್ವೀನ ಸರಿಯಾಗಿ ಓದಿಲ್ಲ ಮಾವ" ಎಂದ.

ಹಾಗೆ ನೋಡಿದರೆ ಈ ಬೆಟ್ಟಗಳಲ್ಲಿ ಹುಟ್ಟಿ ಇಲ್ಲೇ ಬೇರುಬಿಟ್ಟದ್ದೆಂದರೆ ಶೋಲಾ ಕಾಡು, ಮೆಣಸಿನ ಬಳ್ಳಿ, ಜಿಗಣೆ, ಇಂಥ ಕೆಲವೇ. ಉಳಿದದ್ದರಲ್ಲಿ ಎಷ್ಟೋ ಎಲ್ಲಿಂದಲೋ ಬಂದದ್ದು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನ ಮೋಖಾದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದರು ಎಂಬುದು ಪ್ರತೀತಿ. ಮೊಳಕೆ ಬರುವ ಬೀಜ ಹೊರಗೆ ಹೋಗದಂತೆ ಅರಬರು ಕಾವಲಿದ್ದ ಕಾಲ ಅದು. ಇವತ್ತು ವಿಮಾನ ನಿಲ್ದಾಣದಲ್ಲಿ ನನ್ನಕ್ಕನ ಅಪ್ಪೆಮಿಡಿ ಬಾಟಲಿಯನ್ನೇ ತಡೆಯುತ್ತಾರೆ, ಬಾಬಾ ಏಳು ಬೀಜ ದಾಟಿಸಿದರು. 1855ರಲ್ಲಿ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಹುಡುಗ, ಇನ್ನೂ ಇಪ್ಪತ್ತು ತುಂಬದವನು, ಮನೆ ಬಿಟ್ಟು ಬಂದು ಪಕ್ಕದ ಮಂಜರಾಬಾದಿನಲ್ಲಿ ಕಾಡು ಕಡಿದು ತೋಟ ಮಾಡಿದ. ಚಿನ್ನ, ಬೇಟೆ, ಕಾಫಿ ಮೂರನ್ನೂ ಸೇರಿಸಿ 1894ರಲ್ಲಿ ಪುಸ್ತಕ ಬರೆದ. ಅವನ ಊರಿನ ಜಗಲಿಯಲ್ಲೂ ಯಾವನೋ ಒಬ್ಬ ಭಾವ "ಕುರಿ ಯಾರು ನೋಡ್ಕೊಳ್ಳೋದು?" ಎಂದು ಕೇಳದೆ ಬಿಟ್ಟಿರಲಾರ.

ನೆಲದ ಮೇಲೇ ಯುರೋಪಿಗೆ ಹೋಗುವ ಹುಚ್ಚೂ ಹೊಸದಲ್ಲ. 1957ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಒಂದು ಬಸ್ಸು ಹೊರಟು ಜೂನ್ ಮೊದಲ ವಾರ ಕಲ್ಕತ್ತಾ ಮುಟ್ಟಿತ್ತು. ಟಿಕೆಟು 85 ಪೌಂಡು. ಆಮೇಲಿನ ಇಪ್ಪತ್ತು ವರ್ಷ ಟರ್ಕಿ, ಇರಾನ್, ಅಫ್ಘಾನಿಸ್ತಾನದ ದಾರಿಯಲ್ಲಿ ಉದ್ದ ಕೂದಲಿನವರ ಜಾತ್ರೆಯೇ ನಡೆಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಆ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, ದಾರಿ ಮುಚ್ಚಿತು.

ಆ ಕ್ರಾಂತಿಯ ಬಿಸಿ ಕಳಸದವರೆಗೂ ಬಂದಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಪಕ್ಕದ ಕುದುರೆಮುಖದ ಗಣಿ ಕಂಪನಿ 1976ರಲ್ಲಿ ಶುರುವಾದದ್ದೇ ಇರಾನಿಗೆ ಅದಿರು ಕಳಿಸಲು; ದುಡ್ಡು ಕೊಟ್ಟದ್ದು ಅಲ್ಲಿನ ಶಹಾ. ಗುಡ್ಡವನ್ನು ಅರೆದು, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸುವ ಏರ್ಪಾಡು. ಪೈಪು ಸಿದ್ಧವಾಗುವ ಹೊತ್ತಿಗೆ ಶಹಾ ದೇಶ ಬಿಟ್ಟು ಹೋಗಿದ್ದರು. ಹೊಸಬರಿಗೆ ನಮ್ಮ ಗುಡ್ಡ ಬೇಡವಾಯಿತು. ಆಮೇಲೆ ಬೇರೆ ದೇಶಗಳ ಗಿರಾಕಿ ಹುಡುಕಿ ಕಳಿಸಿದರು. ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತು, ಕಾಲೊನಿ ಖಾಲಿಯಾಯಿತು. ನಮ್ಮ ಸೀಮೆಯಿಂದ ಪರದೇಶಕ್ಕೆ ವಲಸೆ ಹೋದವರ ಪಟ್ಟಿ ಮಾಡಿದರೆ ಮೊದಲ ಹೆಸರು ಆ ಬೆಟ್ಟದ್ದೇ ಬರಬೇಕು. ಅದು ಹೊರಟಾಗ ಮಾತ್ರ ಯಾರು ನೋಡ್ಕೊಳ್ಳೋದು ಎಂದು ಕೇಳುವುದು ತಡವಾಯಿತು.

ಈಗಿನ ಪ್ರಯಾಣಕ್ಕೆ ಕಾಲಿಗಿಂತ ಕಾಗದ ಮುಖ್ಯ. ಅಟ್ಟಾರಿ ಗಡಿಯ ಗೇಟು 2025ರ ಏಪ್ರಿಲ್‌ನಲ್ಲಿ ಮುಚ್ಚಿತು, ಆದ್ದರಿಂದ ಪಾಕಿಸ್ತಾನದ ದಾರಿ ಇಲ್ಲ. ಚೀನಾದಲ್ಲಿ ಸ್ವಂತ ಗಾಡಿ ಓಡಿಸಬೇಕಾದರೆ ಜೊತೆಗೆ ಅವರದೇ ಗೈಡ್ ಬೇಕು. ಬೈಕಿಗೆ ‘ಕಾರ್ನೆ’ ಎಂಬ ಪಾಸ್‌ಪೋರ್ಟು ಬೇರೆ: ಹೋದ ದೇಶದಲ್ಲಿ ಗಾಡಿ ಮಾರಿಬಿಡುವುದಿಲ್ಲ ಎಂದು ಠೇವಣಿ ಇಟ್ಟು ಮಾಡಿಸುವ ಪುಸ್ತಕ, ಗಡಿಗಡಿಗೆ ಒಳಗೆ ಬಂದ ಸೀಲು, ಹೊರಗೆ ಹೋದ ಸೀಲು. ಜರ್ಮನಿಯವರು 2024ರ ಜೂನಿನಲ್ಲಿ ‘ಆಪರ್ಚುನಿಟಿ ಕಾರ್ಡ್’ ತಂದಿದ್ದಾರೆ. ಕೆಲಸ ಸಿಗುವ ಮೊದಲೇ ಬಂದು ಹುಡುಕಬಹುದು, ಆದರೆ ಕೈಯಲ್ಲಿ ಆರು ಪಾಯಿಂಟ್ ಇರಬೇಕು. 35 ದಾಟಿಲ್ಲವೆಂದು ಎರಡು, ಭಾಷೆಗೆ ಇಷ್ಟು, ಅನುಭವಕ್ಕೆ ಇಷ್ಟು. ಆ ದುಃಖದ ಕೆಲಸದ ವರ್ಷಗಳಿಗೂ ಪಾಯಿಂಟ್ ಬಂತು ಎಂದು ಅಳಿಯ ಖುಷಿಯಾದ. ಬಾಳೂರು ಭಾವನಿಗೆ ಇದು ತಲೆಗೆ ಹತ್ತಲಿಲ್ಲ. "ನಮ್ಮ ಕಾಫಿ ಜರ್ಮನಿಗೂ ಹೋಗ್ತದೆ, ಇಟಲಿಗೂ ಹೋಗ್ತದೆ. ಬೆಳೆದಿದ್ರಲ್ಲಿ ಮುಕ್ಕಾಲು ಪಾಲು ಹಡಗು ಹತ್ತೋದೇ. ಅದಕ್ಕೆ ಯಾರೂ ವಯಸ್ಸು ಕೇಳಲ್ಲ, ಇವನಿಗೆ ಯಾಕೆ?" ಎಂದರು. ಕಾಫಿಗೂ ತೇವಾಂಶ, ಗಾತ್ರ, ಕಪ್ಪು ಬೀಜ ಎಂದೆಲ್ಲ ನೋಡಿಯೇ ಕಳಿಸುತ್ತಾರೆ ಎಂದು ನಾನು ಹೇಳಿದ್ದಕ್ಕೆ ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ ಸುಮ್ಮನಾದರು.

ಯಾವಾಗ ಹೊರಡುವುದು ಎಂಬುದೇ ದೊಡ್ಡ ರಾದ್ಧಾಂತವಾಯಿತು. ಅಕ್ಕ ಬೇಡ ಎನ್ನಲಿಲ್ಲ. "ಈ ಕೆಲಸ ಒಂದು ಮುಗೀಲಿ" ಎಂದಳು. ನವೆಂಬರಿನಲ್ಲಿ ಅರೇಬಿಕಾ ಹಣ್ಣು ಕುಯ್ಲು, ಆಗ ಹೊರಡುವಂತಿಲ್ಲ. ಜನವರಿಗೆ ರೊಬಸ್ಟಾ, ಅದರ ಬೆನ್ನಿಗೆ ಮೆಣಸು. ಮಾರ್ಚಿನಲ್ಲಿ ಹೂಮಳೆ ಬಂದರೆ ಸಂತೋಷ, ಬಾರದಿದ್ದರೆ ಹಗಲೂ ರಾತ್ರಿ ಸ್ಪ್ರಿಂಕ್ಲರ್ ಪೈಪು ಎಳೆಯಬೇಕು. ಹೂವಾದ ಮೇಲೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಬರುವವರೆಗೆ ಯಾರ ಮನಸ್ಸೂ ಸ್ಥಿಮಿತದಲ್ಲಿರುವುದಿಲ್ಲ, ಆ ದಿನಗಳಲ್ಲಿ ಫೋನ್ ಎತ್ತಿದರೆ ನಮಸ್ಕಾರವಿಲ್ಲ, "ನಿಮ್ಮಲ್ಲಿ ಎಷ್ಟು ಬಂತು?" "ಎಪ್ಪತ್ತು ಸೆಂಟ್ಸ್." "ನಮ್ಮಲ್ಲಿ ಮೋಡ ತೋರಿಸಿ ಹೋಯ್ತು." ಏಪ್ರಿಲ್, ಮೇ ಎಂದರೆ ಗೊಬ್ಬರ, ಮರಗಸಿ, ಬಿಳಿ ಕಾಂಡಕೊರಕ ಹೊಕ್ಕ ಗಿಡ ಕಿತ್ತು ಸುಡುವುದು. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯಬೇಕು. ಜುಲೈ, ಆಗಸ್ಟಿನಲ್ಲಿ ಕರೆಂಟೂ ಇಲ್ಲ, ರಸ್ತೆಯೂ ಇಲ್ಲ. ಮಳೆ ಬಿಟ್ಟ ಮೇಲೆ ಚಿಗುರು, ಕಳೆ, ಇನ್ನೊಂದು ಸುತ್ತು ಬೋರ್ಡೋ. ಅಕ್ಟೋಬರಿನಲ್ಲಿ ಕಣ ರಿಪೇರಿ, ಪಲ್ಪರ್ ರಿಪೇರಿ. ಅಷ್ಟರಲ್ಲಿ ನವೆಂಬರು. ಕಂಪನಿಗೆ ರಾಜೀನಾಮೆ ಕೊಟ್ಟರೆ ನೋಟಿಸ್ ಪೀರಿಯಡ್ ಮುಗಿದ ಮೇಲಾದರೂ ಬಿಡುತ್ತಾರೆ.

ನಮ್ಮ ಚಾರ್ಮಾಡಿ ಘಾಟಿಯ ವಿಷಯಕ್ಕೂ ಒಂದು ಮಾತು. ಟಿಬೆಟ್ಟಿನ ಕಣಿವೆಗಳ ಬಗ್ಗೆ ಹುಡುಗ ಭಯ ಭಕ್ತಿಯಿಂದ ವಿವರಿಸುತ್ತಿದ್ದಾಗ ನಮ್ಮ ಡ್ರೈವರ್ ಎಲ್ಲವನ್ನೂ ಕೇಳಿ, "ಅಲ್ಲಿ ಮಂಜು ಇರ್ತದಾ? ಗುಡ್ಡ ಜರೀತದಾ? ಎದುರಿಗೆ ಮೀನಿನ ಲಾರಿ ಬರ್ತದಾ?" ಎಂದು ಕೇಳಿದ. ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ. "ಹಾಗಾದ್ರೆ ಸುಲಭ" ಎಂದು ಎದ್ದು ಹೋದ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಬಂದಾಗಿದ್ದಾಗ ಕೊಟ್ಟಿಗೆಹಾರದ ನೀರುದೋಸೆ ಹೋಟೆಲುಗಳಲ್ಲಿ ಕೂತವರೆಲ್ಲ ಭೂಗರ್ಭ ಶಾಸ್ತ್ರಜ್ಞರಾಗಿದ್ದರು. ಆ ಘಟ್ಟ ದಾಟಿ ಬೆಳೆದವರಿಗೆ ಹಿಮಾಲಯ ಎತ್ತರದ ಪ್ರಶ್ನೆ ಅಷ್ಟೇ.

ಇತ್ತ ಇವನು ಹೊರಡಲು ಒದ್ದಾಡುತ್ತಿದ್ದರೆ, ಅತ್ತ ಇವನಂಥದೇ ಕೆಲಸ ಬಿಟ್ಟವರು ಬೆಂಗಳೂರಿನಿಂದ ಇಲ್ಲಿಗೆ ಬಂದು ತೋಟ ಕೊಳ್ಳುತ್ತಿದ್ದಾರೆ. ನಮ್ಮ ಆಚೆ ಗುಡ್ಡದಲ್ಲಿ ಹೋಂಸ್ಟೇ ಮಾಡಿದವರು ಮೊದಲ ಮಳೆಗಾಲದಲ್ಲಿ ಮಳೆಯ ವಿಡಿಯೋ ತೆಗೆದರು, ಎರಡನೆಯದರಲ್ಲಿ ಬೂಷ್ಟು ಹಿಡಿದ ಬಟ್ಟೆಯ ವಿಡಿಯೋ ತೆಗೆದರು. ಈಗ ತೆಗೆಯುವುದಿಲ್ಲ, ನಮ್ಮ ಹಾಗೇ ಮಳೆಮಾಪಕ ನೋಡಿ ಫೋನ್ ಮಾಡುತ್ತಾರೆ. ಒಳ್ಳೆಯ ಜನ.

ಆದರೆ ಕೆಲಸ ಬಿಟ್ಟು ನೆಲದ ದಾರಿಯಲ್ಲಿ ಬಹು ದೂರ ಬರುವವರು ನಿಜವಾಗಿ ಯಾರು ಎಂದು ನನ್ನನ್ನು ಕೇಳಿದರೆ, ನಮ್ಮ ಆಳುಗಳ ಲೈನ್ ಮನೆಗಳನ್ನು ತೋರಿಸುತ್ತೇನೆ. ಹಿಂದೆ ಮೇಸ್ತ್ರಿಯ ಮುಂಗಡ ಹಣ ಹಿಡಿದು ಘಟ್ಟದ ಕೆಳಗಿನಿಂದ ಆಳುಗಳು ಹತ್ತಿ ಬರುತ್ತಿದ್ದರು. ಈಗ ಅಸ್ಸಾಮಿನಿಂದ ಬರುತ್ತಾರೆ. ರಾತ್ರಿಗಳ ಲೆಕ್ಕದ ರೈಲು, ಬೆಂಗಳೂರಿನಲ್ಲಿ ಇಳಿದು ಬಸ್ಸು, ಮೂಡಿಗೆರೆಯಿಂದ ಜೀಪು. ಕಾರ್ನೆ ಇಲ್ಲ, ಗೈಡ್ ಇಲ್ಲ, ಘೋಷಣೆಯಂತೂ ಇಲ್ಲವೇ ಇಲ್ಲ. ಅವರಲ್ಲೊಬ್ಬ ಹೆಂಗಸು ಕನ್ನಡ ಕಲಿತದ್ದು ತಕ್ಕಡಿಯ ಹತ್ತಿರ. ಕುಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿಯಾದ್ದರಿಂದ ಮೊದಲು ಅಂಕಿ ಬಂತು. ರೈಟರ್ "ಅರವತ್ತೆರಡು" ಎಂದರೆ ಚೀಲದ ಮೇಲೆ ಕೈಯಿಟ್ಟು "ಅರವತ್ತೈದು" ಎನ್ನುತ್ತಾಳೆ. ಮುಳ್ಳು ನೋಡಿದರೆ ಅವಳದೇ ಸರಿ ಇರುತ್ತದೆ. ಅಳಿಯ ತನ್ನ ಹಿಂದಿಯಲ್ಲಿ ಅವಳನ್ನು ಮಾತಾಡಿಸಿದ. ಊರಲ್ಲಿ ಚಹಾ ತೋಟದಲ್ಲಿದ್ದಳಂತೆ. ಸಂಬಳ ಸಾಲದು, ಸರ್ದಾರನ ಬಾಯಿ ಕೆಟ್ಟದ್ದು, ಬಿಟ್ಟು ಬಂದೆ ಎಂದಳು. ನಿಮ್ಮ ಮನೆ ಕಡೆ ಯಾರು ನೋಡ್ಕೋತಾರೆ ಎಂದು ಕೇಳಿದ. ಕೇಳಿದ ಮೇಲೆ ತನ್ನ ಬಾಯಿಂದ ಏನು ಬಂತು ಎಂದು ಅವನಿಗೇ ಗೊತ್ತಾಗಿ ಕಿವಿ ಕೆಂಪಾಯಿತು. ಅವಳು ತಾಯಿ ಎಂದಳು.

ಕೊನೆಗೆ ಅವನು ಹೊರಟ. ಕುಯ್ಲು ಮುಗಿದು ಹೂಮಳೆಗೆ ಕಾಯುವ ನಡುವಿನ ಸಂದಿಯಲ್ಲಿ, ಅಕ್ಕ ಇನ್ನೊಂದು ಕೆಲಸ ನೆನಪಿಸಿಕೊಳ್ಳುವ ಮೊದಲು. ಬೈಕಿನ ಒಂದು ಪೆಟ್ಟಿಗೆಯಲ್ಲಿ ಉಪಕರಣ, ಟಯರ್ ಟ್ಯೂಬು. ಇನ್ನೊಂದರಲ್ಲಿ ಬಟ್ಟೆ ತೆಗೆಸಿ ಅಕ್ಕ ಹಲಸಿನ ಹಪ್ಪಳ, ಅಪ್ಪೆಮಿಡಿ, ಎರಡು ಕಿಲೋ ಕಾಫಿಪುಡಿ ತುಂಬಿದ್ದಳು. ಕಾಫಿ ಅಲ್ಲಿ ಸಿಗುತ್ತದೆ ಎಂದದ್ದಕ್ಕೆ, "ಸಿಗ್ತದೆ, ನಮ್ಮದೇ. ಅವರಿಂದ ದುಡ್ಡು ಕೊಟ್ಟು ತಗೋಬೇಕಾ?" ಎಂದಳು. ಹೊರಡುವ ಹೊತ್ತಿಗೆ ಬಾಳೂರು ಭಾವ ಜೀಪಿನಲ್ಲಿ ಬಂದಿಳಿದರು. ಹುಡುಗ ಮ್ಯಾಪು ತೆಗೆದು ದಾರಿ ತೋರಿಸಿದ: ನಾಗಪುರ, ಆಮೇಲೆ ಸಿಲಿಗುರಿ, ಅಲ್ಲಿಂದ ನೇಪಾಳಕ್ಕೆ. ಭಾವ ಕನ್ನಡಕ ಏರಿಸಿ ಸಿಲಿಗುರಿಯ ಮೇಲೆ ಬೆರಳಿಟ್ಟರು.

"ಇಲ್ಲಿಂದ ಅಸ್ಸಾಂ ಹತ್ರ ಅಲ್ವೇನೋ? ಹೆಂಗೂ ಆ ಕಡೆ ಹೋಗ್ತಿದೀಯ, ಮುಂದಿನ ಕುಯ್ಲಿಗೆ ಒಂದು ಹತ್ತು ಜನ ಮಾತಾಡಿಟ್ಟು ಹೋಗು. ಅಡ್ವಾನ್ಸ್ ನಾನು ಗೂಗಲ್ ಪೇ ಮಾಡ್ತೀನಿ."