ಮತದಾರಾಪರಾಧ ನಿರ್ಣಯ: ಚುನಾವಣೋತ್ತರ ಹೊಣೆ, ಬೈಗುಳ ಮತ್ತು ಮನಃಪರಿವರ್ತನೆಗಳ ಶಾಸ್ತ್ರೀಯ ವಿವೇಚನೆ

ಲೋಕಸಭೆಯ ಫಲಿತಾಂಶ ಬಂದ ಮಾರನೆಯ ದಿನ ಈ ದೇಶದಲ್ಲಿ ಸೋತ ಅಭ್ಯರ್ಥಿಗಿಂತಲೂ ಹೆಚ್ಚು ಬೈಸಿಕೊಳ್ಳುವವನು ಮತದಾರ. ಸೋತವನನ್ನು ಅವನ ಪಕ್ಷದವರಷ್ಟೇ ಬೈಯುತ್ತಾರೆ. ಮತದಾರನನ್ನು ಎಲ್ಲ ಪಕ್ಷದವರೂ ಬೈಯುತ್ತಾರೆ. ಹೀಗಿದ್ದೂ ಅವನ ಮೇಲಿರುವ ಆರೋಪಗಳನ್ನು ಶಾಸ್ತ್ರೋಕ್ತವಾಗಿ ವಿಂಗಡಿಸುವ ಗೋಜಿಗೆ ಯಾವ ವಿದ್ವಾಂಸರೂ ಹೋಗಿಲ್ಲ. ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಸಂಪ್ರಬಂಧ.

ವ್ಯಾಪ್ತಿ ಮತ್ತು ಮಿತಿ

ಅಧ್ಯಯನಕ್ಕಾಗಿ 2024ರ ಚುನಾವಣೆಯನ್ನು ಆರಿಸಿಕೊಳ್ಳಲಾಗಿದೆ. ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತ, ಓಟು ಹಾಕಿದವರು 64 ಕೋಟಿಗೂ ಹೆಚ್ಚು. ಜೂನ್ 4ರ ಮಂಗಳವಾರ ಫಲಿತಾಂಶ ಬಂದಾಗ 99 ಸ್ಥಾನ ಗೆದ್ದ ಪಕ್ಷದವರು ಸಿಹಿ ಹಂಚಿದರು. 240 ಗೆದ್ದ ಪಕ್ಷದವರು ಬೆರಳು ಮಡಚುತ್ತ ಮಿತ್ರರನ್ನು ಎಣಿಸುತ್ತ ಕೂತರು. ಮತಗಟ್ಟೆ ಸಮೀಕ್ಷೆಯನ್ನು ನಂಬಿ ಸೋಮವಾರ ಆಕಾಶಕ್ಕೇರಿದ್ದ ಷೇರುಪೇಟೆ ಮಂಗಳವಾರ ದೊಪ್ಪನೆ ಬಿತ್ತು. ಸಮೀಕ್ಷೆ ಮಾಡಿದವರೊಬ್ಬರು ಟಿವಿ ಕ್ಯಾಮೆರಾದ ಎದುರೇ ಕಣ್ಣೀರು ಹಾಕಿದರು. ಗೆದ್ದವರು ಯಾರು, ಸೋತವರು ಯಾರು ಎಂಬುದೇ ಇತ್ಯರ್ಥವಾಗದ ಇಂಥ ಸ್ಥಿತಿಯಲ್ಲಿ ಹೊಣೆ ಎಂಬುದು ದಿಕ್ಕಿಲ್ಲದೆ ಅಲೆಯುತ್ತ ಕೊನೆಗೆ ಮತದಾರನ ಮನೆಯ ಜಗುಲಿಗೇ ಬಂದು ಕೂರುತ್ತದೆ.

ಕ್ಷೇತ್ರಕಾರ್ಯ ನಡೆದದ್ದು ಮೂರು ಕಡೆ: ಬೆಂಗಳೂರಿನ ಒಂದು ದರ್ಶಿನಿಯಲ್ಲಿ, ಗೃಹಪ್ರವೇಶದ ಊಟದ ಪಂಕ್ತಿಯೊಂದರಲ್ಲಿ, ಮತ್ತು ಪ್ರಸ್ತುತ ಸಂಶೋಧಕನ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ. ಮಾಹಿತಿದಾರರ ಬಾಯಿ ಬಿಡಿಸುವುದು ಕಷ್ಟವಾಗಲಿಲ್ಲ; ಮುಚ್ಚಿಸುವುದು ಕಷ್ಟವಾಯಿತು. ಇದೊಂದೇ ಮಿತಿ.

ಪೂರ್ವಪಕ್ಷ

ಮತದಾರ ನಿರ್ದೋಷಿ ಎಂಬ ವಾದವೂ ಒಂದಿದೆ. ಅಮೆರಿಕದ ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1957ರಷ್ಟು ಹಿಂದೆಯೇ ಇದಕ್ಕೆ ತಳಹದಿ ಹಾಕಿಕೊಟ್ಟರು. ಲಕ್ಷಾಂತರ ಓಟುಗಳ ನಡುವೆ ನಿನ್ನೊಬ್ಬನ ಓಟಿನಿಂದ ಫಲಿತಾಂಶ ತಿರುಗುವ ಸಂಭವ ಇಲ್ಲವೆಂದೇ ಹೇಳಬೇಕು, ಹಾಗಾಗಿ ಬಿಸಿಲಲ್ಲಿ ಸಾಲು ನಿಲ್ಲುವುದರಲ್ಲಿ ಲೆಕ್ಕಾಚಾರಕ್ಕೆ ಸಿಗುವ ಲಾಭವೇನೂ ಇಲ್ಲ ಎಂಬುದು ಆ ವಾದದ ತಾತ್ಪರ್ಯ. ಬೆಂಗಳೂರು ದಕ್ಷಿಣದ ಮತದಾರರು ಡೌನ್ಸ್ ಅವರನ್ನು ಓದದೆಯೇ ಅರಗಿಸಿಕೊಂಡಿದ್ದಾರೆ.

ಆದರೆ ಈ ಸಿದ್ಧಾಂತ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಮುಗ್ಗರಿಸುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನಿಗೆ ಆ ದಿನ ಓಟು ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಒಂದು ಓಟಿಗೆ ಬೆಲೆಯಿದೆ ಎಂದು ಬೋಧಿಸುವ ಎಲ್ಲ ಮೇಷ್ಟ್ರುಗಳೂ ಈ ಉದಾಹರಣೆಯನ್ನೇ ಕೊಡುತ್ತಾರೆ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಮಾಯವಾದ ಕಾರಣ ಪ್ರಯೋಗವನ್ನು ಮತ್ತೆ ಮಾಡಿ ನೋಡುವಂತಿಲ್ಲ.

ಸಂಪೂರ್ಣ ನಿರ್ದೋಷಿಗಳು ಇದ್ದರೆ ಅವರು ಗುಜರಾತಿನ ಸೂರತ್ತಿನವರು. 2024ರಲ್ಲಿ ಅಲ್ಲಿ ಒಬ್ಬರ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆಗೆದು, ಕಣದಲ್ಲಿ ಮಿಕ್ಕ ಒಬ್ಬನೇ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದದ್ದರಿಂದ ಯಾರೂ ಓಟು ಹಾಕಲೇ ಇಲ್ಲ. ಇಂದೋರಿನಲ್ಲಿ ಪ್ರಮುಖ ಎದುರಾಳಿ ಹಿಂದೆ ಸರಿದಾಗ 2 ಲಕ್ಷಕ್ಕೂ ಮಿಕ್ಕ ಮಂದಿ ನೋಟಾ ಒತ್ತಿ ಬಂದರು. ಇವರನ್ನು ಅರೆ ನಿರ್ದೋಷಿಗಳೆನ್ನಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾಗಲಿ ಎಂದು ಆಶಿಸಲಾಗಿದೆ.

ಅಪರಾಧಗಳು

ಮತದಾರನ ಅಪರಾಧಗಳಲ್ಲಿ ಘೋರವಾದದ್ದು ಕೃತಘ್ನತೆ. ಇದರ ಲಕ್ಷಣವಿಷ್ಟು: ‘ನಾವು ಕೊಟ್ಟದ್ದನ್ನು ತಗೊಂಡರು, ನಮಗೆ ಕೊಡಬೇಕಾದ್ದನ್ನು ಕೊಡಲಿಲ್ಲ.’ ಅಯೋಧ್ಯೆಯನ್ನು ಒಳಗೊಂಡ ಫೈಜಾಬಾದ್ ಕ್ಷೇತ್ರದಲ್ಲಿ ಆಳುವ ಪಕ್ಷದ ಅಭ್ಯರ್ಥಿ ಸೋತ ಕೂಡಲೇ ಸಾಮಾಜಿಕ ಜಾಲತಾಣಗಳಲ್ಲಿ ಅಯೋಧ್ಯೆಯ ಜನರ ಮೇಲೆ ಶಾಪದ ಮಳೆ ಸುರಿಯಿತು. ಮಂದಿರ ಕಟ್ಟಿಸಿಕೊಂಡು ಹೀಗೆ ಮಾಡಿದರಲ್ಲ, ಇನ್ನು ಅಲ್ಲಿ ಹೋದರೂ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ ಎಂದು ಕರೆಕೊಟ್ಟವರೂ ಉಂಟು. ಕಾಸರ್ಧ ಕಾಸಿನ ಹೂವು, ಕುಂಕುಮ ಮಾರುವವರು ದೇಶದ ರಾಜಕೀಯಕ್ಕೆ ಹೇಗೆ ಹೊಣೆಯಾದರು ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ.

ಕರ್ನಾಟಕದಲ್ಲಿ ಇದೇ ದೋಷ ಎರಡು ದಿಕ್ಕಿನಿಂದ ಕಾಣಿಸಿಕೊಂಡಿತು. 2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗ ಸೋತವರ ಕಡೆಯವರು, ಜನ ಬಿಟ್ಟಿ ಭಾಗ್ಯಕ್ಕೆ ಮರುಳಾದರು ಎಂದರು. ಒಂದೇ ವರ್ಷದ ತರುವಾಯ ಲೋಕಸಭೆಯ 28ರಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 9. ಆಗ ಗೆದ್ದಿದ್ದವರ ಕಡೆಯವರು, ಹೆಂಗಸರು ತಿಂಗಳಿಗೆ ಎರಡು ಸಾವಿರ ತಗೊಂಡು, ಬಸ್ಸಿನಲ್ಲಿ ಪುಕ್ಕಟೆ ಓಡಾಡಿ, ಕೈಗೇ ಕೈಕೊಟ್ಟರು ಎಂದರು. ಅಂದರೆ ಅದೇ ಹೆಂಗಸು ಒಂದು ವರ್ಷ ಆಮಿಷಕ್ಕೆ ಬಿದ್ದ ತಪ್ಪಿಗೆ ಬೈಸಿಕೊಂಡಳು, ಮರುವರ್ಷ ಆಮಿಷಕ್ಕೆ ಬೀಳದ ತಪ್ಪಿಗೆ ಬೈಸಿಕೊಂಡಳು. ಇವೆರಡನ್ನೂ ಬಿಟ್ಟು ಅವಳು ಬೇರೇನು ಮಾಡಬಹುದಿತ್ತು ಎಂಬುದನ್ನು ಎರಡೂ ಕಡೆಯ ಪಂಡಿತರು ವಿವರಿಸಿಲ್ಲ.

ಗೈರುಹಾಜರಿಯನ್ನು ಅಪರಾಧವೆಂದು ಪರಿಗಣಿಸಬೇಕೋ ವ್ರತವೆಂದೋ ತಿಳಿಯುತ್ತಿಲ್ಲ. ಬೆಂಗಳೂರಿನ ಮತದಾನದ ದಿನವಾದ ಏಪ್ರಿಲ್ 26 ಶುಕ್ರವಾರವಾದದ್ದರಿಂದ ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ ಕೂಡಿಬಂತು. ಮಸಿ ಬೆರಳು ತೋರಿಸಿದವರಿಗೆ ಬೆಣ್ಣೆ ದೋಸೆ ಪುಕ್ಕಟೆ ಎಂದು ಹೋಟೆಲೊಂದು ಸಾರಿತು. ಇಷ್ಟಾಗಿ ಮಂಡ್ಯದಲ್ಲಿ ಶೇ. 81 ದಾಟಿದ ಮತದಾನ ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸಿನಲ್ಲೇ ಉಸ್ಸೆಂದು ಕೂತಿತು. ದೇಶಾದ್ಯಂತ ಮನೆಯಲ್ಲೇ ಉಳಿದವರು 30 ಕೋಟಿಗೂ ಮಿಗಿಲು. ಅತಿ ಹೆಚ್ಚು ಓಟು ಪಡೆದ ಪಕ್ಷಕ್ಕೂ 24 ಕೋಟಿ ಮುಟ್ಟಲಾಗಲಿಲ್ಲವಾದ್ದರಿಂದ, ನಿಜವಾದ ಅತಿದೊಡ್ಡ ಪಕ್ಷ ಇವರದೇ. ಸರ್ಕಾರ ರಚಿಸಲು ಇವರನ್ನು ಯಾರೂ ಕರೆಯುವುದಿಲ್ಲ, ಕರೆದರೂ ಬರುವವರಲ್ಲ. ದರ್ಶಿನಿಯಲ್ಲಿ ಬೈಟೂ ಕಾಫಿ ಹಿಡಿದು ಮತದಾರರ ಅವಿವೇಕದ ಬಗ್ಗೆ ಅತ್ಯಂತ ಖಚಿತವಾಗಿ ಮಾತನಾಡಿದವರ ಎಡಗೈ ತೋರುಬೆರಳನ್ನು ಸಂಶೋಧಕ ಪರಿಶೀಲಿಸಿದ. ಸ್ವಚ್ಛವಾಗಿತ್ತು.

ಪ್ರಮಾಣ ವಿಚಾರ

ಅಪರಾಧ ನಿರ್ಣಯಕ್ಕೆ ಸಾಕ್ಷಿ ಬೇಕು. ಮತದಾನ ಗುಪ್ತವಾದದ್ದು, ಯಾರಿಗೆ ಓಟು ಹಾಕಿದೆ ಎಂದು ಹೇಳುವಂತೆ ಯಾರನ್ನೂ ಬಲವಂತ ಮಾಡಕೂಡದೆಂದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 94ನೇ ಕಲಂ ಹೇಳುತ್ತದೆ. ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ ತಯಾರಾಗುವ, 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆ ಅಂಟಿಕೊಂಡು ಬಂದ ಆ ಮಸಿಯೂ ಹಾಕಿದ್ದೀಯೆ ಎಂದಷ್ಟೇ ಹೇಳುತ್ತದೆ, ಯಾರಿಗೆಂದು ಬಾಯಿ ಬಿಡುವುದಿಲ್ಲ.

ಹಾಗಿದ್ದರೆ ಬೈಯುವವರಿಗೆಲ್ಲ ಗೊತ್ತಾಗುವುದು ಹೇಗೆ? ಬಿಹಾರದ ಸೀತಾಮಢಿಯಿಂದ ಗೆದ್ದ ಸಂಸದರೊಬ್ಬರು ಫಲಿತಾಂಶದ ಬೆನ್ನಲ್ಲೇ ಎರಡು ಸಮುದಾಯಗಳ ಹೆಸರೆತ್ತಿ, ಅವರು ನನಗೆ ಓಟು ಹಾಕಿಲ್ಲ, ಬಂದರೆ ಚಹಾ ತಿಂಡಿ ಕೊಡುತ್ತೇನೆ, ಕೆಲಸ ಮಾತ್ರ ಮಾಡಿಕೊಡುವುದಿಲ್ಲ ಎಂದು ಸಾರ್ವಜನಿಕವಾಗಿ ಹೇಳಿದರು. ಇದನ್ನು ದಿವ್ಯದೃಷ್ಟಿ ಎಂದು ತಳ್ಳಿಹಾಕುವಂತಿಲ್ಲ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು. ಈಗ ಪ್ರತಿ ಮತಗಟ್ಟೆಯ ಯಂತ್ರವನ್ನೂ ಬಿಡಿಬಿಡಿಯಾಗಿ ಎಣಿಸುವುದರಿಂದ ಯಾವ ಕೇರಿ ಯಾವ ಕಡೆ ಎಂಬುದು ಏಜೆಂಟರ ಜೇಬಿನ ಚೀಟಿಯಲ್ಲಿರುತ್ತದೆ. ಹಲವು ಯಂತ್ರಗಳ ಲೆಕ್ಕವನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ತರೋಣವೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗವೂ 2015ರಲ್ಲಿ ಹೌದೆಂದಿತು. ಸರ್ಕಾರ ಒಪ್ಪಲಿಲ್ಲ. ಹೀಗಾಗಿ ಒಬ್ಬ ಮನುಷ್ಯನ ಗುಟ್ಟು ಗುಟ್ಟಾಗಿಯೇ ಉಳಿದಿದೆ, ಅವನ ಬೀದಿಯ ಗುಟ್ಟು ರಟ್ಟಾಗಿದೆ. ಬೀದಿಯ ದೀಪ ಕೆಟ್ಟಾಗ ಎರಡರ ವ್ಯತ್ಯಾಸ ತಿಳಿಯುತ್ತದೆ.

ಮನಃಪರಿವರ್ತನಾ ಪ್ರಕರಣ

ದೋಷ ಸಿದ್ಧವಾದ ಮೇಲೆ ಪ್ರಾಯಶ್ಚಿತ್ತ. ತಪ್ಪಾಗಿ ಓಟು ಹಾಕಿದವನನ್ನು ಸರಿದಾರಿಗೆ ತರುವ ಕಾರ್ಯ, ವಿಚಿತ್ರವೆಂದರೆ, ಓಟು ಮುಗಿದ ಮೇಲೆಯೇ ರಭಸ ಪಡೆಯುತ್ತದೆ. ಮುಂದಿನ ಅವಕಾಶಕ್ಕೆ ಐದು ವರ್ಷ ಇರುವಾಗ ನಡೆಯುವ ಈ ಪ್ರಯತ್ನವನ್ನು ಗೃಹಪ್ರವೇಶದ ಪಂಕ್ತಿಯಲ್ಲಿ ಹತ್ತಿರದಿಂದ ದಾಖಲಿಸಲಾಯಿತು. ಎಲೆಗೆ ಕೋಸಂಬರಿ, ಪಲ್ಯ ಬಂದಿತ್ತು. ಸಂಶೋಧಕನ ದೊಡ್ಡಪ್ಪನವರು ಬಲಕ್ಕೆ, ಅವರ ಅಳಿಯ ಎಡಕ್ಕೆ.

“ಏನಳಿಯಂದಿರೇ, ನಿಮ್ಮ ಕಡೆಯೋರು ತೊಂಬತ್ತೊಂಬತ್ತಕ್ಕೇ ಪಟಾಕಿ ಹೊಡೀತಿದ್ದಾರಂತೆ? ನೂರಾಗಿದ್ದಿದ್ರೆ ರಥೋತ್ಸವ ಮಾಡ್ತಿದ್ರೇನೋ.”

“ನಾನೂರು ದಾಟ್ತೀವಿ ಅಂದೋರು ಇನ್ನೂರೈವತ್ತೂ ಮುಟ್ಲಿಲ್ವಲ್ಲ ಮಾವ, ಅದನ್ನ ಹೇಳಿ.”

“ಅಂತೂ ಸರ್ಕಾರ ಯಾರದ್ದು?”

“ಅದನ್ನೇ ನಿಮ್ಮ ಮಿತ್ರಪಕ್ಷದ ನಾಯ್ಡು ಅವರನ್ನ ಕೇಳ್ಬೇಕು.”

ಇಲ್ಲಿ ಅನ್ನದ ಬುಟ್ಟಿ ಬಂದದ್ದರಿಂದ ಚರ್ಚೆ ಅಲ್ಪವಿರಾಮ ಪಡೆಯಿತು. ಸಾರಿನಿಂದ ಹುಳಿಯವರೆಗೆ ಇಂದಿರಾ ಗಾಂಧಿ, ತುರ್ತುಪರಿಸ್ಥಿತಿ. ಹುಳಿಯಿಂದ ಚಿರೋಟಿಯವರೆಗೆ ಚುನಾವಣಾ ಬಾಂಡು, ಜಾರಿ ನಿರ್ದೇಶನಾಲಯ. ಮಜ್ಜಿಗೆ ಬರುವ ಹೊತ್ತಿಗೆ ಇಬ್ಬರೂ ಆರಂಭದಲ್ಲಿದ್ದುದಕ್ಕಿಂತ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದು, ತಂತಮ್ಮ ಗೋಡೆಗೆ ಬೆನ್ನು ಆನಿಸಿ ಕೂತಿದ್ದರು. ಇಬ್ಬರಲ್ಲಿ ಯಾರೂ, ಹೋಗಲಿ, ನೀವು ಯಾಕೆ ಹಾಗೆ ಹಾಕಿದಿರಿ ಎಂದು ಕೇಳಲಿಲ್ಲ. ಸಂಶೋಧಕನ ಪ್ರಧಾನ ಶೋಧ ಇದೇ: ಚುನಾವಣೋತ್ತರ ವಾದದ ಗುರಿ ಎದುರಿನವನ ಮನಸ್ಸನ್ನು ತಿರುಗಿಸುವುದಲ್ಲ, ಅವನ ಬಾಯಿಂದ ತಪ್ಪೊಪ್ಪಿಗೆ ಪಡೆಯುವುದು. ತಪ್ಪೊಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಓಟು ಗಟ್ಟಿಯಾಗುತ್ತದೆ. ದೊಡ್ಡಪ್ಪನವರ ಓಟನ್ನು ಇಷ್ಟು ವರ್ಷ ಅಲುಗದಂತೆ ಕಾಪಾಡಿಕೊಂಡು ಬಂದವರು ಯಾವ ನಾಯಕರೂ ಅಲ್ಲ, ಅವರ ಅಳಿಯ.

ಎದುರು ಸಾಲಿನಲ್ಲಿದ್ದ ಅಜ್ಜಿಯನ್ನು ಒಬ್ಬರು ಕೇಳಿದರು, ನೀವು ಯಾರಿಗೆ ಹಾಕಿದ್ರಿ ಅಜ್ಜಿ?

“ಒತ್ದೆ. ಪೀಂ ಅಂತು. ಬಂದೆ.”

94ನೇ ಕಲಮಿನ ಇದಕ್ಕಿಂತ ಉತ್ತಮ ಭಾಷ್ಯ ಸಂಶೋಧಕನ ಗಮನಕ್ಕೆ ಬಂದಿಲ್ಲ.

ವಾಟ್ಸಾಪ್ ಗ್ರೂಪಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಲ್ಲಿ ವಾದವಿಲ್ಲ, ಫಾರ್ವರ್ಡ್ ಇದೆ. ಜೂನ್ 4ರ ಮಧ್ಯಾಹ್ನ ಇಬ್ಬರು ಗ್ರೂಪ್ ಬಿಟ್ಟರು, ಒಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿದರು.

ಸಿದ್ಧಾಂತ

ಹಾಗಾದರೆ ಮತದಾರನ ಮನಸ್ಸು ತಿರುಗುವುದೇ ಇಲ್ಲವೇ? ತಿರುಗುತ್ತದೆ, ಅದಕ್ಕೆ ಕರ್ನಾಟಕದಲ್ಲೇ ದಾಖಲೆಯಿದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ, ಇಂದಿರಾ ಹತ್ಯೆಯ ನಂತರದ ಅಲೆಯಲ್ಲಿ, ಕಾಂಗ್ರೆಸ್ಸಿಗೆ ಇಲ್ಲಿ 24 ಸ್ಥಾನ. ರಾಜ್ಯವಾಳುತ್ತಿದ್ದ ಜನತಾ ಪಕ್ಷಕ್ಕೆ 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಜನರನ್ನು ಬೈಯಲಿಲ್ಲ, ಯಂತ್ರವನ್ನಂತೂ ಬೈಯುವಂತಿರಲಿಲ್ಲ. ಜನ ನಮ್ಮ ಮೇಲಿನ ನಂಬಿಕೆ ಕಳೆದುಕೊಂಡಿದ್ದಾರೆಂದು ಹೊಣೆ ಹೊತ್ತು ರಾಜೀನಾಮೆ ಕೊಟ್ಟು, ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ನಡುವೆ ಕಳೆದದ್ದು ಮೂರು ತಿಂಗಳೂ ಅಲ್ಲ. ಆ ಅವಧಿಯಲ್ಲಿ ಯಾವ ಮಾವನೂ ಯಾವ ಅಳಿಯನ ವಾದಕ್ಕೂ ಸೋತಿರಲಾರ. ದಿಲ್ಲಿಗೊಬ್ಬ, ಬೆಂಗಳೂರಿಗೊಬ್ಬ ಎಂದು ಜನ ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕಿಕೊಂಡರು.

ಮತದಾರನ ಮನಸ್ಸನ್ನು ಹೊರಳಿಸಲು ಸೋತವನೇ ಹೊಣೆ ಹೊತ್ತುಕೊಳ್ಳುವ ಈ ವಿಧಾನ ಪರಿಣಾಮಕಾರಿಯೆಂದು ಸಿದ್ಧವಾಗಿದೆ. ಆದರೆ ಕುರ್ಚಿ ಬಿಡಬೇಕಾದ ಅಡ್ಡಪರಿಣಾಮ ಇರುವುದರಿಂದ ಎಲ್ಲ ಪಕ್ಷಗಳೂ ಇದರ ಬಳಕೆಯನ್ನು ನಿಲ್ಲಿಸಿವೆ.

ಮುಂದಿನ ಸಂಶೋಧನೆಗೆ ಸೂಚನೆ

ದರ್ಶಿನಿಯ ಕ್ಷೇತ್ರಕಾರ್ಯದ ಕೊನೆಯಲ್ಲೊಂದು ಅನಿರೀಕ್ಷಿತ ಅಂಶ ಹೊರಬಿತ್ತು. ಕಾಫಿ ಲೋಟ ಕುಕ್ಕಿ ಜಗಳವಾಡುತ್ತಿದ್ದ ಇಬ್ಬರು ಮಾಹಿತಿದಾರರು ಹೊರಗೆ ಬಂದು, ಸ್ಕೂಟರ್ ತೆಗೆಯಲು ಹೋಗಿ, ಎದುರಿನ ರಸ್ತೆಗುಂಡಿಯ ನೀರನ್ನು ಕಂಡು ನಿಂತರು. “ಏನ್ ಸಾರ್ ಇದು, ಹೇಳೋರು ಕೇಳೋರು ಇಲ್ವಾ?” ಎಂದರು ಒಬ್ಬರು. “ಯಾರಿಗೆ ಹೇಳೋಣ ಸ್ವಾಮಿ, ಕಾರ್ಪೊರೇಟರೇ ಇಲ್ವಲ್ಲ” ಎಂದರು ಇನ್ನೊಬ್ಬರು. ಬೆಂಗಳೂರು ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. ದೇಶ ಏಳು ಹಂತಗಳಲ್ಲಿ ಓಟು ಹಾಕಿ ಮುಗಿಸಿದಾಗಲೂ ಇಲ್ಲಿನ ವಾರ್ಡುಗಳಿಗೆ ಚುನಾವಣೆ ನಡೆದಿರಲಿಲ್ಲ. ಇಬ್ಬರೂ ಒಂದೇ ಮಾತಿನಲ್ಲಿ ಎಲ್ಲ ಪಕ್ಷಗಳನ್ನೂ ಬೈದರು. ಮತದಾರನನ್ನು ಮಾತ್ರ ಬೈಯಲಿಲ್ಲ. ಪರಸ್ಪರ ಮನಃಪರಿವರ್ತನೆ ಪೂರ್ಣಗೊಂಡ ಏಕೈಕ ನಿದರ್ಶನ ಇದಾಗಿದ್ದು, ಓಟು ಹಾಕಲು ಚುನಾವಣೆಯೊಂದು ಇಲ್ಲದ ಕಾರಣ ಅದರ ಫಲಿತಾಂಶವನ್ನು ಇಲ್ಲಿ ಕೊಡಲು ಸಾಧ್ಯವಾಗಿಲ್ಲ.